ಆಪತ್ಕಾಲಕ್ಕೆ ಇನ್ನೊಂದು ಕುದಿ

ಮನುಷ್ಯನಿಗೆ ದೊರೆಯುವ ಪದವಿಗಳಲ್ಲಿ ಎರಡು ಬಗೆ. ಸರ್ಕಾರ ಕೊಡುವುದು ಒಂದು, ನೆರೆಹೊರೆ ಕೊಡುವುದು ಇನ್ನೊಂದು. ಸರ್ಕಾರ ಕೊಟ್ಟ ಪದವಿಯಿಂದ ನಿವೃತ್ತಿ ಉಂಟು. ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ನಾಲ್ಕು ಒಳ್ಳೆಯ ಮಾತಾಡಿ ಮನೆಗೆ ಕಳುಹಿಸುತ್ತಾರೆ. ನೆರೆಹೊರೆ ಕೊಟ್ಟ ಪದವಿಯಿಂದ ಬಿಡುಗಡೆಯೇ ಇಲ್ಲ. ಅದಕ್ಕೆ ಬೇಕಾದ ಅರ್ಹತೆ ಹೋದ ಮೇಲೂ ಅದನ್ನು ಹೊತ್ತೇ ತಿರುಗಬೇಕು. ವೈಯಾಲಿಕಾವಲಿನ ಒಂದು ಅಡ್ಡರಸ್ತೆಯಲ್ಲಿ ವಾಸವಾಗಿರುವ ವರದರಾಜರಿಗೆ ಒದಗಿದ ಸಂಕಟ ಇಂಥದು.

ವರದರಾಜರು ಗುಮಾಸ್ತೆಯಾಗಿ ಸೇರಿ ಮೇಲ್ವಿಚಾರಕರಾಗಿ ನಿವೃತ್ತರಾದವರು. ಕಚೇರಿಯಲ್ಲಿ ಅವರ ಹೆಸರು ಈಗ ಯಾರಿಗೂ ನೆನಪಿಲ್ಲ. ಆದರೆ ರಸ್ತೆಯಲ್ಲಿ ಅವರು ಇಂದಿಗೂ ‘ನಾಲಿಗೆ ವರದರಾಜರು’. ಬಹಳ ಹಿಂದೆ ಕುಮಾರ ಪಾರ್ಕಿನ ಒಂದು ಮದುವೆಯಲ್ಲಿ ಹುಳಿಯನ್ನು ಒಂದು ತುತ್ತು ಉಂಡು, “ಇದಕ್ಕೆ ಎರಡು ಕೈ ಬಿದ್ದಿದೆ, ಕುದಿಸಿದವನು ಬೇರೆ, ಒಗ್ಗರಣೆ ಹಾಕಿದವನು ಬೇರೆ” ಎಂದುಬಿಟ್ಟರಂತೆ. ಒಗ್ಗರಣೆಯ ಹೊತ್ತಿಗೆ ಎಲೆಅಡಿಕೆ ಹಾಕಿಕೊಳ್ಳಲು ಹೊರಗೆ ಹೋಗಿದ್ದ ಭಟ್ಟನು ಬೆವೆತು ಒಪ್ಪಿಕೊಂಡನಂತೆ. ಅಂದಿನಿಂದ ಆ ರಸ್ತೆಯಲ್ಲಿ ಯಾವ ಮದುವೆ, ಯಾವ ಮುಂಜಿ, ಯಾವ ಗೃಹಪ್ರವೇಶ ನಡೆದರೂ ಪಂಕ್ತಿ ಹಾಕುವ ಮೊದಲು ಒಂದು ದೊನ್ನೆ ವರದರಾಜರ ಮುಂದೆ ಬರುತ್ತಿತ್ತು. ಅವರು ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ತೀರ್ಪು ಕೊಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಊರಿಗೆಲ್ಲ ಬಂದ ಜ್ವರ ವರದರಾಜರಿಗೂ ಬಂತು. ಎಲ್ಲರಂತೆ ಅವರಿಗೂ ವಾಸನೆ ಹೋಯಿತು, ರುಚಿ ಹೋಯಿತು. ಉಳಿದವರಿಗೆ ಹೋದದ್ದು ಮರಳಿ ಬಂತು, ಅವರಿಗೆ ಬರಲಿಲ್ಲ. ಈ ಸಂಗತಿಯನ್ನು ಅವರು ಡಾಕ್ಟರಿಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಕುಂಟನು ಕೋಲು ಹುಡುಕುವಂತೆ ಅವರೊಂದು ವಾಕ್ಯವನ್ನು ಹುಡುಕಿಕೊಂಡರು: “ಇನ್ನೊಂದು ಕುದಿ ಬೇಕಿತ್ತು.”

ಈ ವಾಕ್ಯದ ಭದ್ರತೆಯನ್ನು ಗಮನಿಸಬೇಕು. ಉಪ್ಪು ಕಡಿಮೆ ಎಂದರೆ ಇನ್ನೊಬ್ಬನು ನೆಕ್ಕಿ ನೋಡಿ ಇಲ್ಲವೆನ್ನಬಹುದು. ಹುಳಿ ಹೆಚ್ಚು ಎಂದರೆ ವಾದಕ್ಕೆ ನಿಲ್ಲಬಹುದು. ಆದರೆ ಇನ್ನೊಂದು ಕುದಿ ಬೇಕಿರಲಿಲ್ಲ ಎಂದು ಸಾಧಿಸಿ ತೋರಿಸಬಲ್ಲ ಅಡುಗೆಯವನು ಭೂಮಿಯ ಮೇಲೆ ಹುಟ್ಟಿಲ್ಲ. ಎಲ್ಲರೂ ತಲೆದೂಗಿ ಒಲೆಯ ಕಡೆ ಓಡುತ್ತಿದ್ದರು.

ಹೊರಗೆ ನಡೆದ ಈ ಮೋಸ ಮನೆಯೊಳಗೂ ನಡೆಯಿತೆಂಬುದೇ ಖೇದದ ಸಂಗತಿ. ವರದರಾಜರ ಪತ್ನಿ ಆಂಡಾಳಮ್ಮನವರು ಮಡಿಯಲ್ಲಿ ಅಡುಗೆ ಮಾಡುವವರು. ಪೆರುಮಾಳಿಗೆ ನೈವೇದ್ಯವಾಗುವ ಮೊದಲು ಅಡುಗೆಯನ್ನು ನಾಲಿಗೆಗೆ ಮುಟ್ಟಿಸುವ ಪದ್ಧತಿ ಆ ಮನೆಯಲ್ಲಿಲ್ಲ. ಉಪ್ಪು ಖಾರಗಳು ಕೈಯಳತೆಯ ನಂಬಿಕೆಯ ಮೇಲೆ ಬೀಳುತ್ತವೆ. ದೇವರ ನಂತರ ಮೊದಲ ಎಲೆ ಯಜಮಾನರದು, ಮೊದಲ ಮಾತೂ ಅವರದು. ಆ ಮೊದಲ ಮಾತು ದಿನವೂ ಒಂದೇ ಆಯಿತು. ಆಂಡಾಳಮ್ಮನವರು ಎದುರಾಡದೆ ಮರುದಿನ ಇನ್ನೊಂದು ಕುದಿ ಕುದಿಸುತ್ತಿದ್ದರು. ಹೀಗೆ ಕುದಿದು ಕುದಿದು ಆ ಮನೆಯ ಸಾರು ಗೊಜ್ಜಿನ ಹದಕ್ಕೆ ಬಂದಿತ್ತು. ಗ್ಯಾಸಿನ ಹುಡುಗನು ಈ ಮನೆಯಲ್ಲೇನೋ ಗುಟ್ಟಾಗಿ ಹೋಟೆಲು ನಡೆಯುತ್ತಿದೆ ಎಂದು ಶಂಕಿಸಿದ್ದನು.

ಹೀಗಿರಲು ಹೋದ ಮಳೆಗಾಲದಲ್ಲಿ ರಸ್ತೆಯ ತುದಿಯ ಮುದಿ ಮರ ಟ್ರಾನ್ಸ್‌ಫಾರ್ಮರಿನ ಮೇಲೆ ಉರುಳಿತು. ಕರೆಂಟು ಹೋಯಿತು, ನೀರು ನಿಂತಿತು, ಹಾಲಿನ ಗಾಡಿ ಒಳಗೆ ಬರಲಿಲ್ಲ. ಇಂಡಕ್ಷನ್ ಒಲೆಯನ್ನೇ ನಂಬಿದ್ದ ಮನೆಗಳವರು ರಸ್ಕು ನೆನೆಸಿಕೊಂಡು ತಿಂದರು. ನಿವಾಸಿಗಳ ಸಂಘದ ಅಧ್ಯಕ್ಷ ನಾರಾಯಣಪ್ಪನವರಿಗೆ ಇದರಿಂದ ಅವಮಾನವಾಯಿತು. ನಿವೇಶನಗಳ ವ್ಯವಹಾರದಲ್ಲಿ ಬೆಳೆದ ಅವರು, ಮುಂದೆ ಕಾರ್ಪೊರೇಟರ್ ಆಗಬೇಕೆಂಬ ಆಸೆಯುಳ್ಳವರು. ತಮ್ಮ ರಸ್ತೆಯ ಜನ ರಸ್ಕು ತಿಂದರೆಂಬ ಸುದ್ದಿ ಹರಡುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಆಪತ್ಕಾಲಕ್ಕೆಂದು ವರ್ಷಾನುಗಟ್ಟಲೆ ಕೆಡದೆ ಉಳಿಯುವ ಊಟದ ಪೊಟ್ಟಣಗಳನ್ನು ಕೊಂಡು ರಸ್ತೆಯ ಭಜನೆ ಮಂದಿರದಲ್ಲಿ ಶೇಖರಿಸಬೇಕೆಂದು ಸಂಘ ನಿರ್ಣಯಿಸಿತು. ಮಾದರಿಗಳು ಬಂದವು. ಯಾವುದನ್ನು ಕೊಳ್ಳಬೇಕೆಂದು ಯಾರು ಹೇಳಬೇಕು? ಎಲ್ಲರ ಕತ್ತೂ ಒಂದೇ ಕಡೆ ತಿರುಗಿತು.

“ಸಾರ್, ನೀವಿದ್ಮೇಲೆ ಇನ್ಯಾರ್ ಸಾರ್,” ಎಂದರು ನಾರಾಯಣಪ್ಪ. “ನೀವು ಹೂಂ ಅಂದ್ರೆ ಅದೇ ಫೈನಲ್ಲು.”

ಬೇಡವೆನ್ನಲು ಇದು ಒಳ್ಳೆಯ ಸಮಯವಾಗಿತ್ತು. ವರದರಾಜರು ಶಲ್ಯ ಸರಿಮಾಡಿಕೊಂಡು, “ಆಗಲಿ, ನಿಮ್ಮ ಬಲವಂತ” ಎಂದರು.

ಭಾನುವಾರ ಬೆಳಗ್ಗೆ ಮಂದಿರದಲ್ಲಿ ಜನ ಸೇರಿತು. ಮಂದಿರದ ಆಡಳಿತ ನೋಡಿಕೊಳ್ಳುವ ವಾದಿರಾಜಾಚಾರ್ಯರು ಬಾಗಿಲಲ್ಲೇ ತಡೆದು, “ಒಳಗೆ ಬರೋದು ಶುದ್ಧ ಸಸ್ಯಾಹಾರ ತಾನೇ?” ಎಂದು ಕೇಳಿದರು. “ಪಕ್ಕಾ ವೆಜ್ಜು ಆಚಾರ್ರೇ,” ಎಂದರು ನಾರಾಯಣಪ್ಪ. ಬೆಳ್ಳುಳ್ಳಿಯೂ ಒಂದು ಸಸ್ಯವೇ ಎಂಬ ಸಂಗತಿ ಆ ಕ್ಷಣದಲ್ಲಿ ಆಚಾರ್ಯರ ಗಮನಕ್ಕೆ ಬರಲಿಲ್ಲ.

ಮೊದಲು ಬಂದದ್ದು ಪೊಂಗಲ್. ಪೊಟ್ಟಣವನ್ನು ಬಿಸಿನೀರಿನಲ್ಲಿ ಕುದಿಸಿ ಬಿಚ್ಚಿದರು. ವರದರಾಜರು ಕಣ್ಣು ಮುಚ್ಚಿದರು, ಕತ್ತು ಓರೆ ಮಾಡಿದರು, “ಇನ್ನೊಂದು ಕುದಿ ಬೇಕಿತ್ತು” ಎಂದರು. ಸಭೆ ತಲೆದೂಗಿತು. ಎರಡನೆಯದು ಪುಳಿಯೋಗರೆ. ಅದಕ್ಕೂ ಇನ್ನೊಂದು ಕುದಿ ಬೇಕಿತ್ತು. ಸಭೆ ಮತ್ತೂ ತಲೆದೂಗಿತು.

ಮೂರನೆಯ ಕಂಪನಿಯಿಂದ ದೀಪ್ತಿ ಎಂಬ ಯುವತಿ ಸ್ವತಃ ಬಂದಿದ್ದಳು. ಅವಳದು ಬಿಸಿಬೇಳೆಬಾತ್. ಅವಳು ಪೊಟ್ಟಣವನ್ನು ಒಂದು ಚೀಲದೊಳಗಿಟ್ಟು ಒಂದು ಲೋಟ ತಣ್ಣೀರು ಸುರಿದಳು. ಒಳಗಿದ್ದ ಯಾವುದೋ ಪುಡಿಗೆ ನೀರು ತಗುಲಿದೊಡನೆ ಚೀಲ ತಾನೇ ಬುಸುಗುಟ್ಟಿ, ಬಿಸಿಯಾಗಿ ಹೊಗೆಯಾಡಿತು.

“ಇದಕ್ಕೆ ಒಲೆನೇ ಬೇಡ ಸಾರ್,” ಎಂದಳು. “ಗ್ಯಾಸ್ ಬೇಡ, ಕರೆಂಟ್ ಬೇಡ. ಕುದಿಸೋದು ಅನ್ನೋ ಮಾತೇ ಇಲ್ಲಿ ಬರಲ್ಲ.”

ಕುದಿಯೇ ಇಲ್ಲದ ಅಡುಗೆಗೆ ವರದರಾಜರ ಬಳಿ ತೀರ್ಪೇ ಇರಲಿಲ್ಲ.

ಅಷ್ಟರಲ್ಲಿ ದೀಪ್ತಿ ಪೊಟ್ಟಣವನ್ನು ಹರಿದಳು. ಬೆಳ್ಳುಳ್ಳಿಯ ವಾಸನೆ ಮಂದಿರದ ಮೂಲೆಮೂಲೆಗೂ ನುಗ್ಗಿತು. ಮುಂದಿನ ಸಾಲಿನ ಹಿರಿಯರು ಉತ್ತರೀಯಗಳನ್ನು ಮೂಗಿಗೆ ಒತ್ತಿಕೊಂಡರು. ವಾದಿರಾಜಾಚಾರ್ಯರು ದೇವರ ಪಟಗಳ ಮುಂದಿನ ಪರದೆಯನ್ನು ಸರ್ರನೆ ಎಳೆದು ಹೊರಗೆ ಓಡಿದರು. ಬೆಳ್ಳುಳ್ಳಿ ಹೊಸಿಲು ದಾಟದ ಮನೆಯ ಯಜಮಾನರು ಈಗ ಎದ್ದು ನಿಲ್ಲುವರೆಂದೂ ಆ ಹುಡುಗಿಗೆ ನಾಲ್ಕು ಬುದ್ಧಿಮಾತು ಹೇಳುವರೆಂದೂ ಎಲ್ಲರೂ ಅವರನ್ನೇ ನೋಡಿದರು. ಮೂಗು ಮುಚ್ಚಿದ್ದು ಚೀಲದ ಹೊಗೆಗೆಂದು ಭಾವಿಸಿದ ವರದರಾಜರು, ಅರಳಿದ ಕಣ್ಣುಗಳನ್ನೆಲ್ಲ ಕಂಡು ಜನರ ಕುತೂಹಲಕ್ಕೆ ಮೆಚ್ಚಿದರು. ಒಂದು ಚಮಚ ತಿಂದರು. ಮಾತು ಹೊಳೆಯಲಿಲ್ಲ. ಹೊಳೆಯಲೆಂದು ಇನ್ನೊಂದು ತಿಂದರು. ಮತ್ತೂ ಒಂದು ತಿಂದು, ತುಟಿ ಒರೆಸಿಕೊಂಡು, ಗಂಭೀರವಾಗಿ ನುಡಿದರು:

“ಪೂರ್ಣ. ಇದಕ್ಕೆ ಇನ್ನೇನೂ ಬೇಡ.”

ಇಂಥ ಮಾತು ಆ ಬಾಯಿಂದ ಯಾವ ಭಟ್ಟನಿಗೂ ದೊರೆತಿರಲಿಲ್ಲ. ನಾರಾಯಣಪ್ಪನವರು ಕೂಡಲೇ ಒಂದು ತಟ್ಟೆ ತಂದು ತಮ್ಮ ವೃದ್ಧ ತಾಯಿ ಮುನಿಲಕ್ಷ್ಮಮ್ಮನವರ ಕೈಗಿತ್ತರು. ಅವರು ಒಂದು ತುತ್ತು ಅಗಿದು ನಿಲ್ಲಿಸಿದರು.

“ಲೋ ನಾರಾಯಣ, ಹಳೇ ದಿಂಬಿನ ಹತ್ತಿ ಅಗ್ದಂಗೈತಲ್ಲೋ.”

“ಸುಮ್ಕಿರಮ್ಮ. ದೊಡ್ಡೋರು ಪೂರ್ಣ ಅಂದವ್ರೆ.”

“ಹಂಗಂದ್ರೆ?”

“ಇನ್ನೇನೂ ಬ್ಯಾಡ ಅಂತ.”

“ಅದು ದಿಟ,” ಎಂದು ಮುನಿಲಕ್ಷ್ಮಮ್ಮನವರು ತಟ್ಟೆಯನ್ನು ಕೆಳಗಿಟ್ಟರು. “ನಂಗೂ ಇನ್ನೇನೂ ಬ್ಯಾಡ.”

ಹೆಂಗಸರ ಸಾಲಿನಿಂದ ಆಂಡಾಳಮ್ಮನವರು ಎದ್ದು, ಯಾರ ಮುಖವನ್ನೂ ನೋಡದೆ ಮನೆಗೆ ಹೊರಟುಹೋದರು.

ವರದರಾಜರು ಮಂದಿರದ ಮೆಟ್ಟಿಲಿಳಿಯುವಾಗ ನಾರಾಯಣಪ್ಪನವರು ಹಿಂದೆಯೇ ಬಂದು ಕೈ ಹಿಡಿದುಕೊಂಡರು. ಅವರ ಕಣ್ಣಿನಲ್ಲಿ ನೀರಿತ್ತು.

“ಸಾರ್, ಇಷ್ಟ್ ವರ್ಷ ಅಕ್ಕಪಕ್ಕ ಇದ್ದೀವಿ, ಗೊತ್ತೇ ಆಗ್ಲಿಲ್ಲ. ನೀವೂ ಬೆಳ್ಳುಳ್ಳಿ ಗಿರಾಕಿನೇ.”

“ಬೆಳ್ಳುಳ್ಳಿಯೇ?”

“ಮಂದಿರ ಎಲ್ಲಾ ಘಂ ಅಂತಿತ್ತಲ್ಲ ಸಾರ್. ಆಚಾರ್ರು ಚಪ್ಲಿ ಬಿಟ್ಟು ಓಡೋದ್ರು. ನೀವು ಮಾತ್ರ ಕೂತ್ಕೊಂಡು ಮೂರು ಚಮಚ. ನಮ್ಮನೆ ಊಟ ನಿಮಗೆ ಆಗಲ್ಲ ಅಂತ ಇಷ್ಟ್ ದಿನ ಕರೀಲೇ ಇಲ್ವಲ್ಲ ಸಾರ್ ನಾನು.”

ವರದರಾಜರಿಗೆ ಈಗ ಅರ್ಥವಾಯಿತು. ಅವರ ಮುಂದೆ ಎರಡೇ ದಾರಿಗಳಿದ್ದವು. ತನಗೆ ವಾಸನೆಯೂ ಇಲ್ಲ ರುಚಿಯೂ ಇಲ್ಲ ಎಂದು ಒಪ್ಪಿಕೊಳ್ಳುವುದು ಒಂದು. ತಿಳಿದೂ ತಿಳಿದೂ ಬೆಳ್ಳುಳ್ಳಿ ತಿಂದೆ ಎನ್ನುವುದು ಇನ್ನೊಂದು. ಇಲ್ಲಿ ಮನುಷ್ಯ ಸ್ವಭಾವದ ವಕ್ರತೆಯನ್ನು ನೋಡಿ ಯಾರಾದರೂ ನೊಂದುಕೊಳ್ಳಲೇಬೇಕು. ನಾವು ಪಾಪಿಗಳೆನಿಸಿಕೊಳ್ಳಲು ಸಿದ್ಧ, ಅಸಮರ್ಥರೆನಿಸಿಕೊಳ್ಳಲು ಸಿದ್ಧರಲ್ಲ. ಊನ ಯಾರ ತಪ್ಪೂ ಅಲ್ಲ, ಪಾಪ ನಮ್ಮದೇ ತಪ್ಪು. ಆದರೂ ತಪ್ಪಿಲ್ಲದ್ದನ್ನು ಬಚ್ಚಿಟ್ಟು ತಪ್ಪಿರುವುದನ್ನು ತಲೆಯ ಮೇಲೆ ಹೊರುತ್ತೇವೆ. ವರದರಾಜರು ಗಂಟಲು ಸರಿಮಾಡಿಕೊಂಡರು.

“ಆಪತ್ಕಾಲದಲ್ಲಿ ಎಲ್ಲವೂ ಸಲ್ಲುತ್ತದೆ ನಾರಾಯಣಪ್ಪನವರೇ. ಅದನ್ನು ಆಪದ್ಧರ್ಮ ಅಂತಾರೆ.”

ಈ ಮಾತು ಅವರಿಗಿಂತ ಮೊದಲೇ ಮನೆ ತಲುಪಿತ್ತು. ಸಂಜೆ ವಾದಿರಾಜಾಚಾರ್ಯರು ಗೇಟಿನಾಚೆಯೇ ನಿಂತು ಕೇಳಿದರು.

“ಆಪತ್ತು ಎಲ್ಲಿತ್ತು ಸ್ವಾಮಿ? ಭಾನುವಾರ ಬೆಳಗ್ಗೆ, ಫ್ಯಾನ್ ಕೆಳಗೆ, ಇಡ್ಲಿ ತಿಂದು ಬಂದು ಕೂತಿದ್ರಿ.”

“ಆಪತ್ತಿಗೆ ಅಭ್ಯಾಸ ಮೊದಲೇ ಆಗಬೇಕು ಆಚಾರ್ರೇ. ಬೆಂಕಿ ಬಿದ್ದ ಮೇಲೆ ಬಾವಿ ತೋಡ್ತಾರಾ?”

“ಹಾಗಾದ್ರೆ ಸಾಯೋದಕ್ಕೂ ಒಂದೆರಡು ಸಲ ಅಭ್ಯಾಸ ಮಾಡ್ಕೊಂಡುಬಿಡಿ,” ಎಂದು ಆಚಾರ್ಯರು ಹೊರಟುಹೋದರು. ಮಂದಿರವನ್ನು ಗೋಮೂತ್ರ ಹಾಕಿ ತೊಳೆಸಿದ ಸುದ್ದಿ ಆಮೇಲೆ ಬಂತು.

ಪಕ್ಕದ ಮನೆಯ ಶಕುಂತಲಮ್ಮನವರು ಸಮಾಧಾನ ಹೇಳಲು ಕಾಂಪೌಂಡಿನ ಬಳಿಗೆ ಬಂದರು. ಪರರ ಸಂಕಟದಲ್ಲಿ ಹಾಜರಾಗುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

“ನಂಗೆ ಮೊದಲಿಂದ್ಲೂ ಅನುಮಾನ ಇತ್ತು ಕಣ್ರೀ ಆಂಡಾಳಮ್ಮ. ಸಂಜೆ ಆದ್ರೆ ಸಂಪಿಗೆ ರಸ್ತೆ ಹೋಟೆಲುಗಳ ಕಡೆ ವಾಕಿಂಗ್ ಅಂತಾರಲ್ಲ. ಅಷ್ಟು ದೂರ ಬರೀ ನಡೆಯೋಕೆ ಯಾರು ಹೋಗ್ತಾರೆ ಹೇಳಿ.”

“ನಡೆಯೋಕೇ ಹೋಗ್ತಾರೆ,” ಎಂದರು ಆಂಡಾಳಮ್ಮ.

“ನಾನೂ ಅದೇ ಅಂದೆ ಎಲ್ಲರ ಹತ್ರ. ಬೇರೆ ಏನೂ ಹೇಳಿಲ್ಲ.”

ನಾರಾಯಣಪ್ಪನವರ ಮನೆಯಿಂದ ಮರುದಿನವೇ ಊಟಕ್ಕೆ ಕರೆ ಬಂತು. ತಪ್ಪಿಸಿಕೊಳ್ಳುವ ದಾರಿಯನ್ನು ವರದರಾಜರು ತಾವೇ ಮುಚ್ಚಿಕೊಂಡಿದ್ದರು. ಮುನಿಲಕ್ಷ್ಮಮ್ಮನವರು ಎದುರಿಗೆ ಕುಳಿತು ಬಿಸಿ ಮುದ್ದೆ, ಬಸ್ಸಾರು ಬಡಿಸಿ, ಪಕ್ಕದಲ್ಲಿ ಹಸಿ ಬೆಳ್ಳುಳ್ಳಿ ಮೆಣಸಿನಕಾಯಿ ಕುಟ್ಟಿದ ಚಟ್ನಿಯನ್ನು ಧಾರಾಳವಾಗಿ ಇಟ್ಟರು. ಚಟ್ನಿಯನ್ನು ಕಂಡು ಮನೆಯವರೇ ದೂರ ಸರಿದು ಕುಳಿತಿದ್ದರು. ವರದರಾಜರು ಅದನ್ನು ಪಾಯಸದಂತೆ ಬಾಯಿಗಿಟ್ಟುಕೊಂಡರು. ಕಣ್ಣಲ್ಲಿ ನೀರು ತಾನೇ ಹರಿಯಿತು, ಮುಖ ಮಾತ್ರ ಪ್ರಶಾಂತವಾಗಿತ್ತು.

“ಎಂಗೈತೆ ಸ್ವಾಮಿ?” ಎಂದು ಮುನಿಲಕ್ಷ್ಮಮ್ಮನವರು ಕೇಳಿದರು.

ರೂಢಿಯೆಂಬುದು ಎಷ್ಟು ಕೆಟ್ಟದ್ದೆಂದರೆ, ಅದು ಯಜಮಾನನನ್ನು ಕೇಳದೆಯೇ ಮಾತಾಡುತ್ತದೆ.

“ಚೆನ್ನಾಗಿದೆ ತಾಯಿ. ಇನ್ನೊಂದು ಕುದಿ ಬೇಕಿತ್ತು.”

“ಚಟ್ನಿಗಾ?”

ವರದರಾಜರು ತಟ್ಟೆಯನ್ನು ನೋಡಿದರು. ಮುದುಕಿ ಅವರ ಮುಖವನ್ನು ನೋಡಿದರು. ಆಮೇಲೆ ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸಿ, ಮುದ್ದೆಯ ಮೇಲೆ ಇನ್ನಷ್ಟು ತುಪ್ಪ ಹಾಕಿದರು.

ಇಷ್ಟೆಲ್ಲ ಹೊರಗಿನ ಮಾತಾಯಿತು. ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಪೆರುಮಾಳಿಗೆ ಹಾಲು ಹಣ್ಣಿನ ನೈವೇದ್ಯ. ಆಂಡಾಳಮ್ಮನವರಿಗೂ ಅದೇ ಆಹಾರ. ಯಜಮಾನರಿಗೆ ಮಾತ್ರ ದೀಪ್ತಿಯ ಕಂಪನಿಯವರು ಕೃತಜ್ಞತೆಯಿಂದ ಬಿಟ್ಟುಹೋಗಿದ್ದ ಪೆಟ್ಟಿಗೆಯಿಂದ ಒಂದೊಂದು ಪೊಟ್ಟಣ. ಬೆಳ್ಳುಳ್ಳಿ ಒಳಗೆ ಬರುವಂತಿಲ್ಲವಾದ್ದರಿಂದ ಜಗಲಿಯಲ್ಲಿ ಒಂದು ಸ್ಟೂಲು, ಅದರ ಮೇಲೆ ಬುಸುಗುಟ್ಟುವ ಚೀಲ. ಊಟದ ಹೊತ್ತಿಗೆ ರಸ್ತೆಯಲ್ಲಿ ಹೋಗುವವರೆಲ್ಲ ನಡಿಗೆ ನಿಧಾನ ಮಾಡುತ್ತಿದ್ದರು. ಶಕುಂತಲಮ್ಮನವರಿಗೆ ಆ ಹೊತ್ತಿಗೇ ಗಿಡಗಳಿಗೆ ನೀರು ಹಾಕುವ ಕೆಲಸ ಬೀಳುತ್ತಿತ್ತು.

ವರದರಾಜರು ಹಲವು ಹೊತ್ತು ಹೀಗೆ ಉಂಡರು. ರುಚಿ ತಿಳಿಯದವನಿಗೆ ಯಾವುದಾದರೇನು ಎಂದು ನಾವು ಭಾವಿಸಬಹುದು. ಆದರೆ ಅವರಿಗೆ ಆಗ ತಿಳಿದದ್ದು ಬೇರೆ. ಇಷ್ಟು ದಿನ ನಾಲಿಗೆ ಸತ್ತಿದ್ದರೂ ಎಲೆಯ ಮುಂದೆ ಕುಳಿತಾಗ ಊಟ ಮಾಡಿದಂತಾಗುತ್ತಿತ್ತು; ಈಗ ಹೊಟ್ಟೆ ತುಂಬಿದರೂ ಊಟವಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಚೀಲವನ್ನು ಬಿಚ್ಚದೆಯೇ ಅವರು ಒಳಗೆ ನೋಡಿ ಕರೆದರು.

“ಆಂಡಾಳ್, ಒಳಗೆ ಒಂದೆಲೆ ಹಾಕಬಾರದೇ? ತಿಳಿಸಾರು ಅನ್ನ ಸಾಕು.”

“ಪೂರ್ಣವಾದ್ದು ಇರೋವಾಗ ಕುದಿ ಸಾಲದ್ದು ಯಾಕೆ?” ಒಳಗಿನಿಂದ ಉತ್ತರ ಬಂತು.

“ಬೆಳ್ಳುಳ್ಳಿ ತಿಂದೆ ಅಂತ ಕೋಪ. ಪ್ರಾಯಶ್ಚಿತ್ತ ಮಾಡ್ಕೋತೀನಿ ಕಣೇ.”

ಆಂಡಾಳಮ್ಮನವರು ಹೊಸಿಲಿನವರೆಗೆ ಬಂದು ನಿಂತರು.

“ತಿಂದದ್ದು ಬೆಳ್ಳುಳ್ಳಿ ಅಂತ ನಿಮಗೇ ಗೊತ್ತಿರಲಿಲ್ಲ. ಅದಕ್ಕೆ ನಾನ್ಯಾಕೆ ಕೋಪ ಮಾಡ್ಕೊಳ್ಳಲಿ?”

ವರದರಾಜರು ಚೀಲವನ್ನು ಪಕ್ಕಕ್ಕೆ ಸರಿಸಿದರು.

“ಜ್ವರ ಬಿಟ್ಟ ವಾರದಲ್ಲಿ ಹಾಲು ತಳ ಹತ್ತಿ ಮನೆಯೆಲ್ಲ ಹೊಗೆ. ನಾನು ಹಿತ್ತಲಿಂದ ಓಡಿಬಂದೆ. ನೀವು ಒಲೆ ಪಕ್ಕದ ಕಿಟಕೀಲಿ ಕೂತು ಪೇಪರ್ ಓದ್ತಿದ್ರಿ. ಅವತ್ತೇ ಗೊತ್ತಾಯ್ತು ನಂಗೆ. ಅನುಮಾನ ತೀರಲಿ ಅಂತ ಒಂದು ದಿನ ಉಪ್ಪೇ ಹಾಕದೆ ಸಾರು ಮಾಡಿದೆ. ಇನ್ನೊಂದು ಕುದಿ ಬೇಕಿತ್ತು ಅಂದ್ರಿ.”

“ಮತ್ತೆ ಯಾಕೆ ನೀನು—”

“ಊರೆಲ್ಲ ನಾಲಿಗೆ ಅಂತ ಕರೆಯುತ್ತೆ. ಆ ಹೆಸರು ಬಿಟ್ರೆ ನಿಮಗೆ ಇನ್ನೇನಿದೆ ಅಂತ ಸುಮ್ಮನಿದ್ದೆ. ಒಂದೊಂದು ಕುದಿ ಜಾಸ್ತಿ ಕುದಿಸ್ತಾನೇ ಇದ್ದೆ, ನಿಮ್ಮ ಮಾತು ಸುಳ್ಳಾಗಬಾರದು ಅಂತ.” ಆಂಡಾಳಮ್ಮನವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ನಂಗೆ ಬೇಜಾರು ಅದಲ್ಲ. ರುಚಿ ಗೊತ್ತಾಗದೆ ಹೋದ್ರೆ ನನ್ನದೂ ಒಂದೇ, ಆ ಪೊಟ್ಟಣದ್ದೂ ಒಂದೇ. ಅಂದ ಮೇಲೆ ಏನು ಹೇಳಿದ್ರೂ ಸುಳ್ಳೇ. ಸುಳ್ಳೇ ಹೇಳೋದಾದ್ರೆ, ಆ ಪೂರ್ಣ ಅನ್ನೋ ಒಳ್ಳೇ ಸುಳ್ಳನ್ನ ನಂಗೆ ಹೇಳಬಹುದಿತ್ತಲ್ಲ. ಒಂದು ದಿನವಾದ್ರೂ.”

ಕಾಂಪೌಂಡಿನಾಚೆ ನೀರಿನ ಪೈಪು ನಿಂತಿತ್ತು. ಆ ಹೊತ್ತಿಗೆ ಶಕುಂತಲಮ್ಮನವರೂ ತಲೆ ತಗ್ಗಿಸಿ ಒಳಗೆ ಹೋದರೆಂಬುದನ್ನು ಅವರ ಪರವಾಗಿ ಇಲ್ಲಿ ದಾಖಲಿಸಬೇಕು.

ಮುಂದಿನ ಭಾನುವಾರ ಸಂಘ ಮತ್ತೆ ಸೇರಿತು. ಪೊಟ್ಟಣಗಳನ್ನು ಕೊಳ್ಳುವ ನಿರ್ಣಯ ಅಂದೇ ಆಗಬೇಕಿತ್ತು. ದೀಪ್ತಿ ಮೊಬೈಲನ್ನು ಒಂದು ಮುಕ್ಕಾಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, “ಸಾರ್, ಅವತ್ತು ಹೇಳಿದ್ದನ್ನೇ ಕ್ಯಾಮೆರಾ ನೋಡ್ಕೊಂಡು ಒಂದು ಸಲ ಹೇಳಿಬಿಡಿ” ಎಂದಳು. ವರ್ಷಗಟ್ಟಲೆ ಕೆಡದ ಊಟವನ್ನು ಮಾಡಬಲ್ಲ ಮನುಷ್ಯನು ಒಂದು ವಾರ ಕೆಡದೆ ಉಳಿಯುವ ಮಾತನ್ನು ಆಡುವುದು ಎಷ್ಟು ಅಪರೂಪ.

ವರದರಾಜರು ಎದ್ದು ನಿಂತರು. ಹೆಂಗಸರ ಸಾಲಿನ ಕಡೆ ಒಮ್ಮೆ ನೋಡಿದರು.

“ನನಗೆ ರುಚಿ ಗೊತ್ತಾಗಲ್ಲ,” ಎಂದರು. “ವಾಸನೆಯೂ ಗೊತ್ತಾಗಲ್ಲ. ಆ ಜ್ವರದಲ್ಲಿ ಹೋಯಿತು. ಅವತ್ತು ನಾನು ತಿಂದದ್ದು ಏನು ಅಂತ ನನಗೆ ತಿಳಿದಿರಲಿಲ್ಲ. ಅದಕ್ಕೂ ಮೊದಲು ಹೇಳಿದ್ದೂ ಹಾಗೆಯೇ.”

ದೀಪ್ತಿ ಮೆಲ್ಲನೆ ಮೊಬೈಲನ್ನು ತೆಗೆದು ಸ್ಟ್ಯಾಂಡನ್ನು ಮಡಚಿಟ್ಟಳು. ಮೊದಲು ಬಾಯಿ ಬಿಟ್ಟವರು ವಾದಿರಾಜಾಚಾರ್ಯರು.

“ಜ್ವರದಲ್ಲಿ ಅಂದ್ರಾ? ನನ್ನ ಮಗಳ ಮದುವೆ ಆದದ್ದು ಅದರ ಮುಂದಿನ ವರ್ಷ. ನಿಮ್ಮ ಮಾತು ಕೇಳಿ ಹುಳಿ ಇಳಿಸಿದ್ದನ್ನ ಮತ್ತೆ ಒಲೆ ಮೇಲಿಟ್ಟು, ಬೀಗರನ್ನ ಹಸಿವಲ್ಲಿ ಕೂರಿಸಿದ್ವಲ್ರೀ. ಇವತ್ತಿಗೂ ಆಡ್ಕೋತಾರೆ.”

“ಕ್ಷಮಿಸಬೇಕು ಆಚಾರ್ರೇ.”

“ತಿಳಿಯದೆ ತಿಂದದ್ದಕ್ಕೆ ದೋಷವಿಲ್ಲ,” ಎಂದರು ಆಚಾರ್ಯರು, ಸ್ವಲ್ಪ ಬೇಸರದಿಂದಲೇ. “ಬೀಗರ ವಿಷಯ ಬೇರೆ.”

ಎಲ್ಲರಿಗಿಂತ ಹೆಚ್ಚು ನೊಂದವರು ನಾರಾಯಣಪ್ಪನವರು. “ಹಂಗಾದ್ರೆ ನಮ್ಮನೆ ಊಟಾನೂ ನಿಮಗೆ ಗೊತ್ತಾಗ್ಲಿಲ್ವಾ ಸಾರ್?” ಎಂದು ಮಗುವಿನಂತೆ ಕೇಳಿದರು.

“ಲೋ, ಚಟ್ನಿ ಕುದಿಸ್ಬೇಕು ಅಂದಾಗ್ಲೇ ನಂಗೆ ಗೊತ್ತಾಯ್ತು ಕಣೋ,” ಎಂದು ಮುನಿಲಕ್ಷ್ಮಮ್ಮನವರು ಹಿಂದಿನಿಂದ ಹೇಳಿದರು. “ಮನೆಗೆ ಬಂದೋರ್ ಮರ್ವಾದೆ ಅಂತ ಸುಮ್ಕಿದ್ದೆ. ಅವ್ರ ಬಾಯಿ ಕೆಟ್ಟೈತೆ, ನಿಮ್ಗೆಲ್ಲ ಏನಾಗಿತ್ತು? ಮೂಗು ನೆಟ್ಟಗಿರೋರು ಅಷ್ಟ್ ಜನ ಕೂತಿದ್ರಲ್ಲ, ಒಬ್ರಾದ್ರೂ ಚೆನ್ನಾಗಿಲ್ಲ ಅಂದ್ರಾ?”

ಅನೇಕರು ಫ್ಯಾನನ್ನು ನೋಡಿದರು.

“ಇನ್ನೊಂದ್ ಮಾತು. ಆಪತ್ತಿನ್ ಊಟನ ಹೊಟ್ಟೆ ತುಂಬ ಇಡ್ಲಿ ತಿಂದ್ ಬಂದು ನೋಡಿದ್ರೆ ಎಂಗೆ ಗೊತ್ತಾಯ್ತದೆ? ಮುಂದಿನ್ ವಾರ ಎಲ್ರೂ ಹಸ್ಕೊಂಡ್ ಬನ್ನಿ. ಹಸಿದೋನ್ ಹೊಟ್ಟೆಗೆ ಯಾವ್ದು ಇಳಿತದೋ ಅದ್ನೇ ತಗೊಳ್ಳಿ.”

ಅದರಂತೆಯೇ ಮುಂದಿನ ಪರೀಕ್ಷೆ ನಡೆಯಿತು. ಅದರಲ್ಲಿ ಗೆದ್ದದ್ದು ಪುಳಿಯೋಗರೆ. ವರದರಾಜರು ಅಂದು ನೀರು ಕೊಡುವ ಕೆಲಸ ಮಾಡಿದರು. ಆದರೆ ನಮ್ಮ ಕಥೆಗೆ ಬೇಕಾದದ್ದು ಆ ಪರೀಕ್ಷೆಯಲ್ಲ. ವರದರಾಜರು ನಿಜ ಹೇಳಿದ ಆ ಭಾನುವಾರ ಸಭೆ ಮುಗಿಸಿ ಗಂಡಹೆಂಡಿರು ಮನೆ ಸೇರುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಆಂಡಾಳಮ್ಮನವರು ಮಡಿಯುಟ್ಟು ಅವಸರವಸರವಾಗಿ ಒಲೆ ಹೊತ್ತಿಸಿದರು. ನೈವೇದ್ಯವಾಯಿತು. ಜಗಲಿಯ ಸ್ಟೂಲು ಒಳಗೆ ಬಂತು. ಎಲೆ ಬಿತ್ತು, ಅನ್ನ ಬಿತ್ತು, ಸಾರು ಬಿತ್ತು. ವರದರಾಜರು ಕಲಸಿ ಒಂದು ತುತ್ತು ಉಂಡರು. ಕಣ್ಣು ಮುಚ್ಚಲಿಲ್ಲ, ಕತ್ತು ಓರೆ ಮಾಡಲಿಲ್ಲ.

“ಹೇಗಿದೆ?” ಎಂದರು ಆಂಡಾಳಮ್ಮ. ಹಾಗೆ ಕೇಳುವುದನ್ನು ಅವರು ಬಿಟ್ಟು ಬಹಳ ಕಾಲವಾಗಿತ್ತು.

ಒಳ್ಳೆಯ ಸುಳ್ಳು ವರದರಾಜರ ನಾಲಿಗೆಯ ತುದಿಯವರೆಗೆ ಬಂತು. ಅವರು ಅದನ್ನು ಅನ್ನದೊಂದಿಗೆ ನುಂಗಿದರು.

“ಗೊತ್ತಾಗಲ್ಲ ಆಂಡಾಳ್. ಬಿಸಿಯಾಗಿದೆ. ನೀನು ಮಾಡಿದ್ದು. ಇಷ್ಟು ಗೊತ್ತಾಗುತ್ತೆ. ನೀನೂ ಕೂತ್ಕೋ, ನೀನೇ ಹೇಳು.”

ಆಂಡಾಳಮ್ಮನವರು ಪಕ್ಕದಲ್ಲಿ ಎಲೆ ಹಾಕಿಕೊಂಡು ಕುಳಿತರು. ಸಾರನ್ನ ಕಲಸಿದರು. ಒಂದು ತುತ್ತು ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದರು.

“ಇವತ್ತು ನಿಜವಾಗ್ಲೂ,” ಎಂದರು, “ಇನ್ನೊಂದು ಕುದಿ ಬೇಕಿತ್ತು.”